ನಿನ್ನ ದೂರ ಎಷ್ಟು?



ಸಂಘದ ರಾಜ್ಯೋತ್ಸವಕ್ಕೋ ಯುಗಾದಿಯ ಊಟಕ್ಕೋ ಬಂದಾಗ, ನಾನು ಕೊಡಗಿನವಳೆಂದು ತಿಳಿದೊಡನೆ ನಿಮ್ಮಲ್ಲಿ ಅನೇಕರು ಕೇಳುವ ಮೊದಲ ಪ್ರಶ್ನೆ ಒಂದೇ: "ಆಂಟಿ, ನಿಮ್ಮೂರಲ್ಲಿ ಎಲ್ಲರ ಮನೆಯಲ್ಲೂ ಗನ್ ಇರುತ್ತಂತೆ, ಹೌದಾ?" ಎರಡನೆಯ ಪ್ರಶ್ನೆಯೂ ಒಂದೇ: "ಎಷ್ಟು ದೂರ ಹೊಡೆಯುತ್ತೆ?" ಮೊದಲನೆಯದಕ್ಕೆ ನಿಂತಲ್ಲೇ ಉತ್ತರ ಹೇಳಬಹುದು. ಎರಡನೆಯದಕ್ಕೆ ಸ್ವಲ್ಪ ಕೂತು ಮಾತಾಡಬೇಕು. ಅದಕ್ಕಾಗಿ ಈ ಬಾರಿ ಸಂಪಾದಕರಲ್ಲಿ ಜಾಗ ಕೇಳಿ ಪಡೆದಿದ್ದೇನೆ. ಹಬ್ಬದಡುಗೆಯ ಬಗ್ಗೆ ಬರೆಯಬೇಕಾದ ಗೃಹಿಣಿ ರೈಫಲ್ಲಿನ ಬಗ್ಗೆ ಬರೆಯುವುದೇ ಎಂದು ಹುಬ್ಬೇರಿಸಬೇಡಿ. ನಮ್ಮಲ್ಲಿ ಹಬ್ಬದಡುಗೆಯೂ ಕೋವಿಯೂ ಒಂದೇ ದಿನ ಹೊರಗೆ ಬರುತ್ತವೆ.

ಪ್ರತಿ ವರ್ಷ ಸೆಪ್ಟೆಂಬರ್ ಮೊದಲ ವಾರದಲ್ಲಿ ಕೈಲ್ ಪೊಳ್ದ್ ಎಂಬ ಹಬ್ಬ. ನಾಟಿ ಕೆಲಸ ಮುಗಿದಿರುತ್ತದೆ. ನೇಗಿಲು, ಕತ್ತಿ, ಕೋವಿ ಎಲ್ಲವನ್ನೂ ತೊಳೆದು ಒರೆಸಿ ನಡುಮನೆಯಲ್ಲಿಟ್ಟು, ಮಳೆಗಾಲದಲ್ಲಿ ಬೇಲಿಯ ಮೇಲೆ ಅರಳುವ ತೋಕ್ ಪೂವನ್ನು ಕೋವಿಯ ನಳಿಗೆಗೆ ಸಿಕ್ಕಿಸಿ ಪೂಜಿಸುತ್ತೇವೆ. ನಮ್ಮ ಭಾಷೆಯಲ್ಲಿ ತೋಕ್ ಎಂದರೆ ಕೋವಿ. ಹೂವಿಗೇ ಕೋವಿಯ ಹೆಸರು ಕೊಟ್ಟ ಜನ ನಾವು! ಪೂಜೆಯ ನಂತರ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹೆಂಗಸರೂ ಹೊಡೆಯುತ್ತಾರೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 1861ರಲ್ಲಿ, ದೇಶದ ಜನರ ಕೈಯಿಂದ ಆಯುಧ ಕಸಿಯುತ್ತಿದ್ದ ಕಾಲದಲ್ಲಿ, ಮಾರ್ಕ್ ಕಬ್ಬನ್ ಕೊಡವರಿಗೆ ವಿನಾಯಿತಿ ಕೊಟ್ಟರು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಬಂದದ್ದು ಇವರಿಂದಲೇ. ಸ್ವತಂತ್ರ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೂ ಕೊಡವರಿಗೆ ಮತ್ತು ಜಮ್ಮಾ ಭೂಮಿ ಹಿಡುವಳಿದಾರರಿಗೆ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಇನ್ನೂ ಹತ್ತು ವರ್ಷ, ಅಂದರೆ 2029ರವರೆಗೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಲೈಸೆನ್ಸಿನಿಂದ ವಿನಾಯಿತಿ ಇದೆ ಎಂದರೆ ಜವಾಬ್ದಾರಿಯಿಂದ ವಿನಾಯಿತಿ ಇದೆ ಎಂದಲ್ಲ. ನಾನು ಹೇಳಹೊರಟಿರುವುದು ಆ ಜವಾಬ್ದಾರಿಯ ವಿಷಯವನ್ನೇ.

ನನ್ನ ಅಪ್ಪ ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಾನು ಹುಟ್ಟಿದ 1969ರಲ್ಲಿ ರಜೆಗೆ ಬಂದಾಗ ಒಂದು ಬೇಟೆ ರೈಫಲ್ ಕೊಂಡರು. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ 0.315 ಬೋರಿನ ರೈಫಲ್ ಅದು. ಸೈನ್ಯದ 0.303 ಗುಂಡು ಸಾರ್ವಜನಿಕರಿಗೆ ನಿಷಿದ್ಧ. ಆದ್ದರಿಂದ ಅದೇ ಲೀ-ಎನ್‌ಫೀಲ್ಡ್ ರೈಫಲ್ಲಿನ ಮಾದರಿಯನ್ನು ಬೇರೆ ಅಳತೆಯ ಗುಂಡಿಗೆ ಹೊಂದಿಸಿ ಸಾರ್ವಜನಿಕರಿಗಾಗಿ ಮಾಡಿದ್ದು. ಅದರ ತೋಟೆಗಳ ಬುಡದಲ್ಲಿ ಕೆ.ಎಫ್. ಎಂಬ ಎರಡು ಅಕ್ಷರ ಇರುತ್ತಿತ್ತು. ಮದುವೆಯಾಗಿ ಪುಣೆಗೆ ಬಂದು ಖಡಕಿಯ ಮಾರ್ಗವಾಗಿ ಮೊದಲ ಬಾರಿ ಹೋದಾಗ ನನಗೆ ತಿಳಿಯಿತು, ಅದು ಕಿರ್ಕೀ ಫ್ಯಾಕ್ಟರಿ. ಹಿಂದೆ ಇಂಗ್ಲಿಷರು ಖಡಕಿಯನ್ನು ಹಾಗೆ ಬರೆಯುತ್ತಿದ್ದರು. 1869ರಿಂದ ಇರುವ ಮದ್ದುಗುಂಡಿನ ಕಾರ್ಖಾನೆ. ಎಲ್ಲಿಯ ಕೊಡಗು, ಎಲ್ಲಿಯ ಪುಣೆ! ನನಗಿಂತ ಮೊದಲೇ ನಮ್ಮ ಮನೆಗೆ ಪುಣೆಯ ಸಂಬಂಧ ಬಂದಿತ್ತು.

ರೈಫಲ್ ಬಂದು ಮೂರೇ ವರ್ಷಕ್ಕೆ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷ ನಿವೃತ್ತರಾಗಿ ಮನೆಗೆ ಬಂದ ಅಪ್ಪ ಬೇಟೆ ಬಿಟ್ಟರು, ರೈಫಲ್ ಬಿಡಲಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ, ಗುಡ್ಡದ ಮಣ್ಣಿನ ದರೆಯ ಮುಂದೆ ಕಾಗದ ನಿಲ್ಲಿಸಿ ಗುರಿ ಹೊಡೆಯತೊಡಗಿದರು. ಪ್ರತಿ ವರ್ಷ ಒಮ್ಮೆ, ಹೆಚ್ಚೆಂದರೆ ಇಪ್ಪತ್ತು ತೋಟೆ. ಹೊಡೆದದ್ದನ್ನೆಲ್ಲ ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ನಾನು ಏಳನೇ ಕ್ಲಾಸಿಗೆ ಬಂದಾಗ, ನನ್ನ ಅಕ್ಷರ ದುಂಡಗಿದೆಯೆಂದು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಹೀಗೆ ರೈಫಲ್ ನನಗೆ ಪರಿಚಯವಾದದ್ದು ಹೆಗಲಿನಿಂದಲ್ಲ, ಪೆನ್ಸಿಲಿನಿಂದ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರೋಣ.

ನನ್ನ ಮಗ ಪುಣೆಯಲ್ಲೇ ಹುಟ್ಟಿ ಬೆಳೆದ ಇಂಜಿನಿಯರು. ನಿಮ್ಮಂತೆಯೇ. 2024ರ ಜನವರಿಯಲ್ಲಿ ರಜೆ ಹಾಕಿ ನನ್ನೊಡನೆ ಊರಿಗೆ ಬಂದ. ಅಪ್ಪ 2004ರಲ್ಲೇ ತೀರಿಕೊಂಡರು. ರೈಫಲ್ ಅಣ್ಣನ ಸುಪರ್ದಿನಲ್ಲಿದೆ. ಅಣ್ಣನಿಗೆ ಆಗ 64. ಅವನ ಹೆಣ್ಣುಮಕ್ಕಳಿಬ್ಬರೂ ದೂರ ದೇಶದಲ್ಲಿದ್ದಾರೆ. "ಇದನ್ನು ನೋಡಿಕೊಳ್ಳುವವರು ಯಾರಾದರೂ ಇದ್ದರೆ ಸರಿ, ಇಲ್ಲದಿದ್ದರೆ ಸರ್ಕಾರಕ್ಕೆ ಒಪ್ಪಿಸಿ ನಿಶ್ಚಿಂತೆಯಾಗಿರುತ್ತೇನೆ" ಎಂದು ಅವನು ಒಂದೆರಡು ವರ್ಷದಿಂದ ಹೇಳುತ್ತಲೇ ಇದ್ದ. ಮಗ ಹುಮ್ಮಸ್ಸಿನಿಂದ, "ಮಾವ, ನಾನಿದ್ದೇನಲ್ಲ. ಒಳ್ಳೆಯ ಟೆಲಿಸ್ಕೋಪ್ ಹಾಕಿಸೋಣ. ಐನೂರು ಮೀಟರ್ ಹೊಡೆಯಬಹುದು" ಎಂದ. ಫೋನಿನಲ್ಲಿ ಎಲ್ಲೆಲ್ಲಿಯದೋ ಚಿತ್ರಗಳನ್ನು ನೋಡಿಕೊಂಡು ಬಂದಿದ್ದ.

ಅಣ್ಣ ಒಳಗೆ ಹೋಗಿ ಅಪ್ಪನ ಪುಸ್ತಕ ತಂದು ಅವನ ಮುಂದಿಟ್ಟ. "ಮೊದಲು ಇದನ್ನು ಓದು. ಆಮೇಲೆ ಬೀರು ತೆಗೆಯುತ್ತೇನೆ."

ಮಗನಿಗೆ ಕನ್ನಡ ಮಾತು ಚೆನ್ನಾಗಿ ಬರುತ್ತದೆ. ಓದು ಮಾತ್ರ ನಮ್ಮ ಸಂಘದ ಭಾನುವಾರದ ತರಗತಿಯಲ್ಲಿ ಎರಡು ವರ್ಷ ಕಲಿತಷ್ಟೇ. ಅಪ್ಪನ ಅಕ್ಷರ ಮೋಡಿ ಅಕ್ಷರದಂತೆ, ಅಂಕಿಗಳೆಲ್ಲ ಕನ್ನಡದವು. ೧೫೦ ಎಂದು ಬರೆದದ್ದನ್ನು ನೋಡಿ ಇದೇನು ಚಿತ್ರ ಎಂದು ಕೇಳಿದ! ಪಕ್ಕದಲ್ಲಿ ಕೂತು ನಾನು ಅಂಕಿ ಹೇಳಿಕೊಟ್ಟೆ. ಎರಡು ದಿನ ಹಿಡಿಯಿತು. ಆ ಎರಡು ದಿನದಲ್ಲಿ ಅವನು ಓದಿದ್ದನ್ನು ನಿಮಗೂ ಹೇಳುತ್ತೇನೆ. ದೂರಕ್ಕೆ ರೈಫಲ್ ಸಿದ್ಧಪಡಿಸುವುದೆಂದರೆ ಏನೆಂದು ಅದರಲ್ಲಿದೆ.

ಮೊದಲ ಪುಟದಲ್ಲಿ ಒಂದೇ ವಾಕ್ಯ: ಕೈಗೆ ಬಂದ ಕೋವಿ ತುಂಬಿದ ಕೋವಿ. ಯಾರೇ ಕೊಡಲಿ, "ಖಾಲಿ ಇದೆ" ಎಂದು ಯಾರೇ ಆಣೆಯಿಡಲಿ, ಬೋಲ್ಟ್ ಹಿಂದಕ್ಕೆಳೆದು ಕಣ್ಣಿನಿಂದ ನೋಡಬೇಕು, ಬೆರಳಿನಿಂದ ಮುಟ್ಟಿಯೂ ನೋಡಬೇಕು. ಬಾಯಿ ಸದಾ ಮಣ್ಣಿನ ಕಡೆಗೆ.

ಎರಡನೆಯ ಪುಟದಿಂದ ಮರದ ವಿಷಯ. ರೈಫಲ್ಲಿನ ನಳಿಗೆ ಉಕ್ಕಿನದು, ಅದು ಕೂರುವ ತೊಟ್ಟಿಲು ಮರದ್ದು. ನಮ್ಮೂರಿನ ಮಳೆ ನಿಮಗೆ ಗೊತ್ತಿರಲಾರದು; ಜೂನಿನಲ್ಲಿ ಮುಚ್ಚಿದ ಬಾಗಿಲು ಉಬ್ಬಿ ತೆಗೆಯಲು ಬರುವುದಿಲ್ಲ. ರೈಫಲ್ಲಿನ ಮರವೂ ಹಾಗೆಯೇ ಉಬ್ಬಿ ನಳಿಗೆಯನ್ನು ಒಂದು ಕಡೆಗೆ ಒತ್ತುತ್ತದೆ. ಗುಂಡು ಹೊರಡುವ ಕ್ಷಣದಲ್ಲಿ ನಳಿಗೆ ವೀಣೆಯ ತಂತಿಯಂತೆ ಕಂಪಿಸುತ್ತದೆ. ಒತ್ತಡ ಇವತ್ತು ಒಂದು ಥರ, ನಾಳೆ ಇನ್ನೊಂದು ಥರ ಇದ್ದರೆ ಗುಂಡೂ ದಿನಕ್ಕೊಂದು ಕಡೆ ಹೋಗುತ್ತದೆ. ಅಪ್ಪ ಒಂದು ಕಾಗದದ ಪಟ್ಟಿಯನ್ನು ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಮೆಲ್ಲಗೆ ಎಳೆದು, ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಪ್ರತಿ ವರ್ಷ ಗುರುತು ಹಾಕುತ್ತಿದ್ದರು. ತಿರುಪುಗಳು ಬಿಗಿಯಾಗಿವೆಯೇ, ನಳಿಗೆಯೊಳಗೆ ಎಣ್ಣೆ ಉಳಿದಿದೆಯೇ ಎಂದೂ ನೋಡುತ್ತಿದ್ದರು. ಎಣ್ಣೆ ಒರೆಸದೆ ಹೊಡೆದ ಮೊದಲ ಗುಂಡನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಬರೆದಿದ್ದಾರೆ.

ಮೂರನೆಯದು ಮೈಯ ಅಳತೆ. ದರ್ಜಿ ರವಿಕೆಗೆ ಅಳತೆ ತೆಗೆಯುವಂತೆ ರೈಫಲ್ಲಿಗೂ ಮನುಷ್ಯನ ಅಳತೆ ಬೇಕು. ಹೆಗಲಿಗೆ ಒತ್ತುವ ಬುಡದಿಂದ ಟ್ರಿಗರಿನವರೆಗಿನ ಉದ್ದ ತೋಳಿಗೆ ಸರಿಹೊಂದಬೇಕು. ಕೆನ್ನೆ ಪ್ರತಿ ಬಾರಿಯೂ ಮರದ ಅದೇ ಜಾಗಕ್ಕೆ ತಾಗಬೇಕು. ಕೆನ್ನೆ ಕದಲಿದರೆ ಕಣ್ಣು ಕದಲಿತು, ಕಣ್ಣು ಕದಲಿದರೆ ಗುರಿ ಕದಲಿತು. ಅಪ್ಪನಿಗೆ ಹೊಂದುವ ರೈಫಲ್ ಅಣ್ಣನಿಗೆ ಉದ್ದವಾಗುತ್ತಿತ್ತು. ನನಗಂತೂ ಚಳಿಗಾಲದ ದಪ್ಪ ಸ್ವೆಟರ್ ಹಾಕಿಕೊಂಡರೆ ಹಿಡಿಯಲಾಗುತ್ತಿರಲಿಲ್ಲ. ಅವರು ಕಂಬಳಿಯ ತುಂಡನ್ನು ಮಡಿಸಿ ಕೆನ್ನೆಯ ಜಾಗಕ್ಕೆ ಕಟ್ಟಿಕೊಡುತ್ತಿದ್ದರು. ಕಂಬಳಿ ಎಷ್ಟು ಮಡಿಕೆ ಎಂಬುದೂ ಪುಸ್ತಕದಲ್ಲಿದೆ.

ನಾಲ್ಕನೆಯದು ಸೈಟ್. ಬೆಂಗಳೂರಿನವರಿಗೆ ಸೈಟ್ ಎಂದರೆ ಮನೆ ಕಟ್ಟುವ ಜಾಗ. ಇಂಗ್ಲಿಷಿನಲ್ಲಿ ಬಿ.ಎ. ಮಾಡಿದ ನಾನು ಎರಡರ ಸ್ಪೆಲಿಂಗೂ ಬೇರೆ ಎಂದು ಹೇಳುವಷ್ಟರಲ್ಲಿ ಅವರು ಚದರಡಿಯ ರೇಟು ಕೇಳಿರುತ್ತಾರೆ! ರೈಫಲ್ಲಿನ ಸೈಟ್ ಎಂದರೆ ಹಿಂದೆ ಒಂದು ಸಣ್ಣ ಕಿಂಡಿ, ಮುಂದೆ ನಳಿಗೆಯ ತುದಿಯಲ್ಲಿ ಒಂದು ಮೊನೆ. ಕಿಂಡಿಯ ನಡುವೆ ಮೊನೆ, ಮೊನೆಯ ಮೇಲೆ ಗುರಿ. ಮೂರೂ ಒಂದೇ ಗೆರೆಯಲ್ಲಿರಬೇಕು. ಗುಂಡು ಬಲಕ್ಕೆ ಬಿದ್ದರೆ ಮುಂದಿನ ಮೊನೆಯನ್ನೂ ಬಲಕ್ಕೇ ಸರಿಸಬೇಕು. ಕೆಳಗೆ ಬಿದ್ದರೆ ಮೊನೆಯ ಎತ್ತರವನ್ನು ಕಡಿಮೆ ಮಾಡಬೇಕು. ಉಲ್ಟಾ ಅನ್ನಿಸುತ್ತದೆ, ಅಲ್ಲವೇ? ಕಾಗದದ ಮೇಲೆ ಗೆರೆ ಎಳೆದು ನೋಡಿ, ಸರಿಯಾಗಿಯೇ ಇದೆ. ಕಿಂಡಿಗೂ ಮೊನೆಗೂ ಅರ್ಧ ಮೀಟರ್ ಅಂತರವಿದ್ದರೆ, ಮೊನೆಯನ್ನು ಒಂದು ಮಿಲಿಮೀಟರ್ ಸರಿಸಿದಾಗ ನೂರು ಮೀಟರ್ ದೂರದಲ್ಲಿ ಗುಂಡು ಇಪ್ಪತ್ತು ಸೆಂಟಿಮೀಟರ್ ಸರಿಯುತ್ತದೆ. ಅಕ್ಕಿ ಕಾಳಿನ ದಪ್ಪದಷ್ಟೂ ಇಲ್ಲದ ತಪ್ಪು ಅಲ್ಲಿ ಒಂದು ಗೇಣಿನಷ್ಟಾಗುತ್ತದೆ.

ಟೆಲಿಸ್ಕೋಪ್ ಹಾಕುವವರ ಲೆಕ್ಕವೂ ಇದೇ, ಇನ್ನಷ್ಟು ಸೂಕ್ಷ್ಮ ಅಷ್ಟೆ. ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿ ಒಂದು ಭಾಗವನ್ನು ಮಿನಿಟ್ ಎನ್ನುತ್ತಾರೆ. ನೂರು ಮೀಟರಿನಲ್ಲಿ ಒಂದು ಮಿನಿಟ್ ಎಂದರೆ 2.9 ಸೆಂಟಿಮೀಟರ್, ಮುನ್ನೂರರಲ್ಲಿ 8.7. ಟೆಲಿಸ್ಕೋಪಿನ ಗುಂಡಿಯನ್ನು ಒಂದು ಸಲ ಟಿಕ್ ಎನ್ನಿಸಿದರೆ ಸಾಮಾನ್ಯವಾಗಿ ಕಾಲು ಮಿನಿಟ್ ಸರಿಯುತ್ತದೆ. ಅದನ್ನು ಕೂರಿಸುವಾಗ ಬಳೆಗಳು ಸಡಿಲವಿರಬಾರದು, ಅಡ್ಡಗೆರೆ ವಾಲಿರಬಾರದು, ಕಣ್ಣಿನಿಂದ ಎಂಟು ಒಂಬತ್ತು ಸೆಂಟಿಮೀಟರ್ ದೂರವಿರಬೇಕು. ಹತ್ತಿರ ಇಟ್ಟುಕೊಂಡವರ ಹುಬ್ಬಿನ ಮೇಲೆ ರೈಫಲ್ ತಾನೇ ಒಂದು ಅರ್ಧಚಂದ್ರ ಬರೆಯುತ್ತದೆ. ಟೆಲಿಸ್ಕೋಪ್ ಗುರಿಯನ್ನು ಹತ್ತಿರ ತೋರಿಸುತ್ತದೆ. ಗುಂಡಿಗೆ ಮಾತ್ರ ಅದು ಮೊದಲಿನಷ್ಟೇ ದೂರ. ಅಣ್ಣ ಮಗನಿಗೆ ಹೇಳಿದ್ದೂ ಇದನ್ನೇ: "ಬರಿಗಣ್ಣಿನಲ್ಲಿ ಕೈ ಕೂರಲಿ, ಆಮೇಲೆ ಗಾಜಿನ ಮಾತು."

ಐದನೆಯದು ಎಲ್ಲಕ್ಕಿಂತ ತಾಳ್ಮೆ ಬೇಡುವ ಕೆಲಸ. ಇಂಗ್ಲಿಷಿನಲ್ಲಿ ಇದನ್ನು ಝೀರೋ ಮಾಡುವುದು ಎನ್ನುತ್ತಾರೆ. ಸೈಟ್ ನೋಡುವ ಜಾಗಕ್ಕೂ ಗುಂಡು ಬೀಳುವ ಜಾಗಕ್ಕೂ ಇರುವ ವ್ಯತ್ಯಾಸವನ್ನು ಸೊನ್ನೆಗೆ ತರುವುದು. ಮೊದಲು ಬೋಲ್ಟ್ ತೆಗೆದಿಟ್ಟು, ಹಿಂದಿನಿಂದ ಖಾಲಿ ನಳಿಗೆಯ ಮೂಲಕವೇ ಗುರಿಯನ್ನು ನೋಡಿ ಒರಟಾಗಿ ಹೊಂದಿಸಬೇಕು. ಆಮೇಲೆ ಮರಳಿನ ಚೀಲದ ಮೇಲೆ ರೈಫಲ್ ಇಟ್ಟು ಹತ್ತಿರದಿಂದ, ಇಪ್ಪತ್ತೈದು ಗಜದಿಂದ, ಮೂರು ಗುಂಡು. ಒಂದು ಗುಂಡು ನೋಡಿ ಸೈಟ್ ಮುಟ್ಟಬಾರದು. ಒಂದು ಗುಂಡು ಸುಳ್ಳು ಹೇಳಬಹುದು, ಮೂರೂ ಸೇರಿ ಸುಳ್ಳು ಹೇಳುವುದು ಕಷ್ಟ. ಮೂರರ ನಡುಬಿಂದು ಎಲ್ಲಿದೆ ನೋಡಿ, ಅದನ್ನು ಸರಿಸಬೇಕು. ನಳಿಗೆ ಬಿಸಿಯಾದರೆ ಆರುವವರೆಗೆ ಕಾಯಬೇಕು. ಅಪ್ಪ ಆ ಹೊತ್ತಿಗೆ ಒಂದು ಲೋಟ ಕಾಫಿ ಕುಡಿಯುತ್ತಿದ್ದರು, ಬೇಗ ಮುಗಿಸಬಾರದೆಂದು ಬಿಸಿಬಿಸಿಯಾಗಿಯೇ ಕೇಳುತ್ತಿದ್ದರು. ಒಂದೇ ಪೆಟ್ಟಿಗೆಯ ತೋಟೆಗಳನ್ನೇ ಬಳಸಬೇಕು. ಪೆಟ್ಟಿಗೆ ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ.

ಇಷ್ಟೆಲ್ಲ ಆದ ಮೇಲೆ ದೂರದ ಮಾತು. ಗುಂಡು ನೇರವಾಗಿ ಹೋಗುತ್ತದೆಂದು ನಾವೆಲ್ಲ ತಿಳಿದಿದ್ದೇವೆ. ಹೋಗುವುದಿಲ್ಲ. ನಳಿಗೆ ಬಿಟ್ಟ ಕ್ಷಣದಿಂದಲೇ ಅದು, ಕೈಯಿಂದ ಜಾರಿದ ಮಾವಿನಕಾಯಿಯಂತೆ, ಕೆಳಗೆ ಬೀಳತೊಡಗುತ್ತದೆ. ಉದಾಹರಣೆಗೆ ಸೆಕೆಂಡಿಗೆ 650 ಮೀಟರ್ ವೇಗದಲ್ಲಿ ಹೊರಡುವ ಒಂದು ಭಾರವಾದ ಬೇಟೆ ಗುಂಡನ್ನು ತೆಗೆದುಕೊಳ್ಳಿ. ನಳಿಗೆಯ ಗೆರೆಯಿಂದ ಅದು ನೂರು ಮೀಟರಿನಲ್ಲಿ ಸುಮಾರು 13 ಸೆಂಟಿಮೀಟರ್ ಇಳಿದಿರುತ್ತದೆ. ಇನ್ನೂರರಲ್ಲಿ ಅರ್ಧ ಮೀಟರಿಗಿಂತ ಹೆಚ್ಚು, ಮುನ್ನೂರರಲ್ಲಿ ಸುಮಾರು ಒಂದೂವರೆ ಮೀಟರ್. ಗಾಳಿಯ ಲೆಕ್ಕ ಇನ್ನೂ ವಿಚಿತ್ರ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ, ಅಂದರೆ ಸೀರೆಯ ಸೆರಗು ಹಾರುವಷ್ಟು ಗಾಳಿ, ಅದೇ ಗುಂಡನ್ನು ನೂರು ಮೀಟರಿನಲ್ಲಿ ನಾಲ್ಕೈದು ಸೆಂಟಿಮೀಟರ್ ಮಾತ್ರ ತಳ್ಳುತ್ತದೆ. ಮುನ್ನೂರು ಮೀಟರಿನಲ್ಲಿ ಸುಮಾರು ಅರ್ಧ ಮೀಟರ್. ದೂರ ಮೂರು ಪಟ್ಟು, ತಪ್ಪು ಹತ್ತು ಪಟ್ಟು! ಅದಕ್ಕೇ ದೂರಕ್ಕೆ ಹೊಡೆಯುವವರು ಪುಸ್ತಕ ಇಡುತ್ತಾರೆ: ತಾರೀಖು, ಬಿಸಿಲು, ಗಾಳಿ ಎಲ್ಲಿಂದ, ಗದ್ದೆಯಂಚಿನ ಹುಲ್ಲು ಎಷ್ಟು ಬಾಗಿತ್ತು, ಎಷ್ಟು ಸರಿಸಿದೆ, ಎಲ್ಲಿ ಬಿತ್ತು.

ನಮ್ಮ ಅಪ್ಪನ ಪುಸ್ತಕದಲ್ಲಿ ಇವೆಲ್ಲದರ ಕೊನೆಯಲ್ಲಿ ಇನ್ನೊಂದು ಕಲಂ ಇದೆ. ಅದರ ತಲೆಬರಹ: ನನ್ನ ದೂರ.

ಅದಕ್ಕೊಂದು ನಿಯಮ ಮಾಡಿಕೊಂಡಿದ್ದರು. ಕಾಗದದ ಮೇಲೆ ಕಾಫಿ ಲೋಟದ ತಟ್ಟೆಯನ್ನಿಟ್ಟು ಸುತ್ತ ಗೆರೆ ಎಳೆಯುವುದು. ಐದು ಗುಂಡು. ಐದಕ್ಕೆ ಐದೂ ತಟ್ಟೆಯೊಳಗೆ ಬೀಳುವಷ್ಟು ದೂರವೇ ಆ ವರ್ಷಕ್ಕೆ ನಿನ್ನ ದೂರ. ನಾಲ್ಕು ಒಳಗೆ ಬಿದ್ದು ಒಂದು ಹೊರಗೆ ಹೋದರೆ ಆ ದೂರ ನಿನ್ನದಲ್ಲ, ಇಪ್ಪತ್ತೈದು ಗಜ ಮುಂದೆ ಬಾ. ಏಕೆಂದು ನಾನು ಕೇಳಿದ್ದಕ್ಕೆ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ಒಳಗೆ ಬಿದ್ದ ನಾಲ್ಕನ್ನು ಜನ ನೋಡುತ್ತಾರೆ. ಹೊರಗೆ ಹೋದ ಒಂದು ಎಲ್ಲಿ ಹೋಯಿತೆಂದು ನೀನೇ ಹೇಳಬೇಕು." ರೈಫಲ್ ಗುಂಡು ಗುರಿ ತಪ್ಪಿದರೆ ಅಲ್ಲೇ ನಿಲ್ಲುವುದಿಲ್ಲ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಆಟಿಕೆಯಂತೆ ಕಾಣುವ 0.22 ಗುಂಡು ಕೂಡ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಹೋಗಬಲ್ಲದು. ಆದ್ದರಿಂದಲೇ ಗುರಿಯ ಹಿಂದೆ ದಪ್ಪ ಮಣ್ಣಿನ ದರೆ ಇಲ್ಲದೆ ಅವರು ತೋಟೆಯ ಪೆಟ್ಟಿಗೆಯನ್ನೇ ಬಿಚ್ಚುತ್ತಿರಲಿಲ್ಲ. ಬಿಚ್ಚುವ ಮೊದಲು ಅಕ್ಕಪಕ್ಕದ ಮನೆಗಳಿಗೂ ದನ ಬಿಟ್ಟವರಿಗೂ ಹೇಳಿ ಬರಲು ನಮ್ಮನ್ನು ಓಡಿಸುತ್ತಿದ್ದರು.

ಮಗ ಆ ಕಲಮನ್ನು ಬೆರಳಿಟ್ಟು ಓದುತ್ತ ಹೋದ. 1974ರಲ್ಲಿ ಅಪ್ಪನ ದೂರ 150 ಗಜ. ಬರಿಗಣ್ಣಿನ ಸೈಟಿಗೆ ಅದು ಬಲು ದೊಡ್ಡ ದೂರ. ಹತ್ತು ವರ್ಷ ಅದೇ 150. 1985ರಲ್ಲಿ 125. ಪಕ್ಕದಲ್ಲಿ ನನ್ನದೇ ಅಕ್ಷರದಲ್ಲಿ, ಅವರು ಹೇಳಿ ಬರೆಸಿದ್ದು: ಮೊನೆ ಮಸುಕು. 1990ರಲ್ಲಿ 100. ನಾನು ಮದುವೆಯಾಗಿ ಹೋದ ಮೇಲೆ ಮತ್ತೆ ಅವರದೇ ಅಕ್ಷರ. 1994ರಲ್ಲಿ 75. ಕನ್ನಡಕ ಬದಲಾಯಿಸಿದರೂ ಹೆಚ್ಚಲಿಲ್ಲ. 1997ರಲ್ಲಿ 50. 1999ರಲ್ಲಿ 25. 2000ದ ಸಾಲಿನಲ್ಲಿ ಅಂಕಿಯ ಬದಲು ಒಂದೇ ಒಂದು ವಾಕ್ಯ: ರೈಫಲ್ ಮಗನಿಗೆ ಕೊಟ್ಟೆ.

ಯಾರೂ ಅವರನ್ನು ನಿಲ್ಲಿಸು ಎಂದಿರಲಿಲ್ಲ. ಊರಿನಲ್ಲಿ ಅವರಿಗೆ ಒಳ್ಳೆಯ ಗುರಿಕಾರನೆಂದು ಹೆಸರಿತ್ತು. ಒಂದು ಗುಂಡು ತಟ್ಟೆಯ ಹೊರಗೆ ಬಿದ್ದರೆ ನೋಡಿದವರು ಗಾಳಿ ಎನ್ನುತ್ತಿದ್ದರು. ಆದರೂ ಪ್ರತಿ ವರ್ಷ ಅವರೇ ನಡೆದುಹೋಗಿ ಕಾಗದ ತೆಗೆದು, ಎಣಿಸಿ, ತಮ್ಮ ದೂರವನ್ನು ತಾವೇ ಕಡಿಮೆ ಮಾಡಿಕೊಂಡರು. ಆ ಸಾಲುಗಳಲ್ಲಿ ಒಂದನ್ನೂ ಹೊಡೆದು ತಿದ್ದಿಲ್ಲ. ನಾನು ಬಿ.ಎ. ತರಗತಿಯಲ್ಲಿ ಶೇಕ್ಸ್‌ಪಿಯರನ ಲಿಯರ್ ಮಹಾರಾಜನನ್ನು ಓದಿದ್ದೆ. ವಯಸ್ಸಾದ ಮೇಲೆ ರಾಜ್ಯವನ್ನು ಬಿಟ್ಟುಕೊಟ್ಟರೂ ಅಧಿಕಾರದ ಆಸೆ ಬಿಡಲಾರದೆ ಕೆಟ್ಟವನ ಕಥೆ. ಆ ಪುಸ್ತಕದ ಮುಂದೆ ಅಪ್ಪನ ಈ ಲೆಕ್ಕದ ಪುಸ್ತಕ ಇಟ್ಟರೆ ನನಗೆ ನಾಚಿಕೆಯೇನೂ ಆಗುವುದಿಲ್ಲ.

ಓದುತ್ತ ಓದುತ್ತ ಮಗ ಒಂದು ಸಾಲಿನಲ್ಲಿ ನಿಂತ. 1989, ನನ್ನ ಹೆಸರು, 75 ಗಜ. "ಅಮ್ಮಾ, ಇದು ನೀನಾ?" ಎಂದು ಅವನು ಕೇಳಿದ ದನಿಯನ್ನು ನಿಮಗೆ ಹೇಗೆ ಬರೆದು ತಿಳಿಸಲಿ! ಇಪ್ಪತ್ತಾರು ವರ್ಷ ಅವನಿಗೆ ನಾನು ಚಪಾತಿ ಲಟ್ಟಿಸುವ ಅಮ್ಮ. ಹೌದಪ್ಪ, ನಾನೇ. ಡಿಗ್ರಿ ಕೊನೆಯ ವರ್ಷ, ಕಂಬಳಿ ನಾಲ್ಕು ಮಡಿಕೆ, ಗಾಳಿ ಇಲ್ಲ.

ಮರುದಿನ ಬೆಳಿಗ್ಗೆ ಮಂಜು ಕರಗಿದ ಮೇಲೆ ಗದ್ದೆಗೆ ಇಳಿದೆವು. ಕಾಗದದ ಪಟ್ಟಿ, ಮರಳಿನ ಚೀಲ, ಮೂರು ಗುಂಡಿನ ಲೆಕ್ಕ, ಎಲ್ಲ ಪುಸ್ತಕದಲ್ಲಿದ್ದಂತೆಯೇ ಮಾಡಿದ್ದಾಯಿತು. ಹಬ್ಬದಲ್ಲಿ ತೆಂಗಿನಕಾಯಿಗೆ ಹೊಡೆದ ಅನುಭವ ಮಗನಿಗಿತ್ತು. ನೂರು ಗಜದಿಂದ ಶುರು ಮಾಡುತ್ತೇನೆಂದ. ಅಣ್ಣ ತಡೆಯಲಿಲ್ಲ. ಐದರಲ್ಲಿ ಎರಡು ತಟ್ಟೆಯೊಳಗೆ, ಎರಡು ಹೊರಗೆ, ಒಂದು ಕಾಗದದಲ್ಲೇ ಇಲ್ಲ. ಆ ಒಂದನ್ನು ಹುಡುಕಲು ಮೂವರೂ ದರೆಯ ಹತ್ತಿರ ಹೋದೆವು. ಅಣ್ಣ ಅದೊಂದನ್ನು ಬಿಡಲಿಲ್ಲ. ಮಣ್ಣಿನಲ್ಲಿ ತೂತು ಸಿಗುವವರೆಗೆ ಹುಡುಕಿಸಿದ. ಗುರಿಯಿಂದ ಒಂದು ಮೊಳ ಎಡಕ್ಕೆ ಸಿಕ್ಕಿತು. ಎಪ್ಪತ್ತೈದರಲ್ಲಿ ಒಂದು ಹೊರಗೆ. ಐವತ್ತರಲ್ಲಿ ಐದೂ ಒಳಗೆ.

ಹೊಡೆಯುವಾಗ ಮಗ ಕಲಿತ ಇನ್ನೊಂದು ಸಂಗತಿಯಿದೆ. ಟ್ರಿಗರನ್ನು ಎಳೆಯುವುದಲ್ಲ, ಒತ್ತುತ್ತ ಹೋಗುವುದು. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಬೆರಳಿನ ಒತ್ತಡವನ್ನು ಮೆಲ್ಲಗೆ ಹೆಚ್ಚಿಸುತ್ತಿರಬೇಕು. ಯಾವಾಗ ಸಿಡಿಯಿತೆಂದು ತನಗೇ ಆಶ್ಚರ್ಯವಾಗಬೇಕು. ಏಳೆಂಟು ಸೆಕೆಂಡಿನಲ್ಲಿ ಸಿಡಿಯದಿದ್ದರೆ ಬೆರಳು ತೆಗೆದು, ಉಸಿರಾಡಿ, ಮತ್ತೆ ಮೊದಲಿನಿಂದ. ಐವತ್ತು ಗಜದ ಐದನೆಯ ಗುಂಡಿಗೆ ಅವನು ಹಾಗೆ ಮೂರು ಸಲ ಬೆರಳು ತೆಗೆದ. ಅದನ್ನು ನೋಡಿದಾಗ ನನಗೆ, ಐದೂ ತಟ್ಟೆಯೊಳಗೆ ಬಿದ್ದದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ಸಂಜೆ ಮಗ ತಾನೇ ಪೆನ್ನು ತೆಗೆದುಕೊಂಡ. ಅಜ್ಜನ ಸಾಲುಗಳು, ನನ್ನ ಸಾಲುಗಳು, ಮಾವನ ಸಾಲುಗಳ ಕೆಳಗೆ, ಒಂದನೇ ಕ್ಲಾಸಿನ ಹುಡುಗನ ಹಾಗೆ ಗುಂಡುಗುಂಡಾಗಿ ಕನ್ನಡದಲ್ಲಿ ತನ್ನ ಹೆಸರು ಬರೆದ. ದೂರದ ಕಲಮಿನಲ್ಲಿ ಕನ್ನಡ ಅಂಕಿಯಲ್ಲಿ ೫೦. ಐನೂರರ ಒಂದು ಸೊನ್ನೆ ಎಲ್ಲಿ ಹೋಯಿತೋ ಎಂದು ಅಣ್ಣ ತಮಾಷೆ ಮಾಡಿದ. ಬೀರುವಿನ ಕೀಲಿಯನ್ನಂತೂ ಅವನು ಕೊಟ್ಟಿಲ್ಲ. ಆದರೆ ಸರ್ಕಾರಕ್ಕೆ ಒಪ್ಪಿಸುವ ಮಾತನ್ನು ಆಮೇಲೆ ಎತ್ತಿಲ್ಲ. ಮಗ 2025ರ ಜನವರಿಯಲ್ಲೂ ರಜೆ ಹಾಕಿ ಊರಿಗೆ ಹೋಗಿ ಬಂದ. ಈಗಲೂ 50. ಟೆಲಿಸ್ಕೋಪಿನ ಸುದ್ದಿ ಇಲ್ಲ.

ಮಿತ್ರರೇ, ದೂರಕ್ಕೆ ಹೊಡೆಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಅದೊಂದು ದೊಡ್ಡ ವಿದ್ಯೆ. ಮುನ್ನೂರು ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ವೃತ್ತ ಬರೇ ಹತ್ತು ಸೆಂಟಿಮೀಟರ್ ಅಗಲ, ನಮ್ಮ ತಟ್ಟೆಗಿಂತ ಚಿಕ್ಕದು. ಐವತ್ತು ಮೀಟರಿನಲ್ಲಿ 10.4 ಮಿಲಿಮೀಟರ್. ಒಲಿಂಪಿಕ್ಸಿನ ಹತ್ತು ಮೀಟರ್ ಏರ್ ರೈಫಲ್ಲಿನಲ್ಲಿ ಅದು ಅರ್ಧ ಮಿಲಿಮೀಟರಿನ ಒಂದು ಚುಕ್ಕೆ. ಆ ಚುಕ್ಕೆಯ ವಿದ್ಯೆಯಲ್ಲಿಯೇ ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದು, ವೈಯಕ್ತಿಕ ಒಲಿಂಪಿಕ್ ಚಿನ್ನ ತಂದ ಮೊದಲ ಭಾರತೀಯರಾದರು. ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಐವತ್ತು ಮೀಟರ್ ರೈಫಲ್ಲಿನಲ್ಲಿ ಕಂಚು ಗೆದ್ದರು. ನಿಂತು, ಮಂಡಿಯೂರಿ, ಮಲಗಿ, ಮೂರು ಭಂಗಿಯಲ್ಲೂ ಹೊಡೆಯಬೇಕಾದ ಸ್ಪರ್ಧೆ ಅದು. ಪುಣೆಯ ಬಾಲೇವಾಡಿಯಲ್ಲಿ, ದೆಹಲಿಯ ಕರ್ಣಿ ಸಿಂಗ್ ರೇಂಜಿನಲ್ಲಿ ನಿಮ್ಮ ವಯಸ್ಸಿನವರು ದಿನವೂ ಅಭ್ಯಾಸ ಮಾಡುತ್ತಾರೆ. ಆಸಕ್ತಿಯಿದ್ದರೆ ಹೋಗಿ ಕಲಿಯಿರಿ. ಕಲಿಸುವವರಿಲ್ಲದೆ, ಹಿಂದೆ ದರೆಯಿಲ್ಲದೆ, ಕಾನೂನಿನ ಕಾಗದವಿಲ್ಲದೆ ಯಾರ ಮನೆಯ ಕೋವಿಯನ್ನೂ ಮುಟ್ಟಬೇಡಿ, ಫೋಟೋ ತೆಗೆಸಿಕೊಳ್ಳಲಿಕ್ಕೂ ಬೇಡ.

ಇನ್ನು ಮುಂದೆ "ಆಂಟಿ, ಎಷ್ಟು ದೂರ ಹೊಡೆಯುತ್ತೆ?" ಎಂದು ನೀವು ಕೇಳಿದರೆ ನಾನು ಹೇಳುವುದಿಷ್ಟು. ರೈಫಲ್ ಬಹಳ ದೂರ ಹೊಡೆಯುತ್ತದೆ, ಅದಕ್ಕೇನು, ಅದು ಕಬ್ಬಿಣ. ಹಿಡಿದವರ ದೂರವೆಷ್ಟು ಎಂಬುದೇ ಪ್ರಶ್ನೆ. ಐದಕ್ಕೆ ಐದನ್ನೂ ಒಪ್ಪಿಸಬಲ್ಲ ದೂರ ಎಷ್ಟೋ ಅಷ್ಟು. ಅದು ಐವತ್ತು ಗಜವಾದರೆ ಐವತ್ತೆಂದೇ ಬರೆಯಿರಿ. ಮುಂದಿನ ವರ್ಷದ ಸಾಲು ಖಾಲಿ ಇದ್ದೇ ಇದೆ.